ಮಾಗಡಿ ಕೆರೆಗೆ ಹೆಬ್ಬಾತು ಬಾರದಿದ್ದರೆ ಯಾರನ್ನು ದೂರುವುದು?

ಗದಗ ಜಿಲ್ಲೆಯ ಓದುಗರೊಬ್ಬರ ಪತ್ರ: “ಈ ಸಲ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ತಡವಾಗಿ ಬಂದವು, ಬಂದದ್ದೂ ಕಡಿಮೆ. ಕೆರೆ ತುಂಬಿಯೇ ಇತ್ತು. ಇದು ಹವಾಮಾನ ಬದಲಾವಣೆಯ ಫಲವೇ?”

ಸಂಪಾದಕರ ಉತ್ತರ: ಕೆರೆ ತುಂಬಿತ್ತು ಎಂದಿರಲ್ಲ, ತಕರಾರು ಅಲ್ಲೇ ಇದ್ದೀತು. ಹೆಬ್ಬಾತು ಹುಲ್ಲು ಮೇಯುವ ಹಕ್ಕಿ. ಮೀನಿನ ಗೊಡವೆ ಅದಕ್ಕಿಲ್ಲ. ಹಗಲು ಕೆರೆಯಲ್ಲಿ ತಂಗಿ, ಕತ್ತಲಾದ ಮೇಲೆ ಸುತ್ತಲಿನ ಕಡಲೆ, ಶೇಂಗಾ ಹೊಲಗಳಿಗೆ ಇಳಿಯುತ್ತದೆ. ನೀರು ಇಳಿದಂತೆ ತೆರೆದುಕೊಳ್ಳುವ ಕೆಸರು ದಂಡೆ, ಅಲ್ಲಿ ಚಿಗುರುವ ಎಳೆ ಹುಲ್ಲು ಅದಕ್ಕೆ ಬೇಕು. ಹಿಂಗಾರು ಜೋರಾಗಿ ಕೋಡಿ ಹರಿದ ವರ್ಷ ಆ ದಂಡೆ ಮುಳುಗಿ, ಹಿಂಡು ಬೇರೆ ಕೆರೆಗಳಿಗೆ ಚೆದುರಬಹುದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದ 2023ರಂಥ ವರ್ಷದಲ್ಲಿ ತಂಗಲು ನೀರೇ ಸಾಲದು. ಮಳೆ ಹೀಗೆ ಅತಿಯಿಂದ ಅತಿಗೆ ಜಿಗಿಯುವುದರಲ್ಲಿ ಹವಾಮಾನ ಬದಲಾವಣೆಯ ಕೈವಾಡವಿದೆ.

ಇನ್ನು ಅವುಗಳ ತವರಿನ ಕಡೆ ನೋಡಿ. ಇವು ಮೊಟ್ಟೆಯಿಡುವುದು ಮಂಗೋಲಿಯಾ, ಟಿಬೆಟ್ ಕಡೆಯ ಸರೋವರಗಳಲ್ಲಿ, ಬಹುಪಾಲು ನಡುಗಡ್ಡೆಗಳ ಮೇಲೆ. ಹಿಮನದಿ ಕರಗಿ, ಮಳೆಯೂ ಹೆಚ್ಚಿ ಟಿಬೆಟ್ಟಿನ ಹಲವು ಸರೋವರಗಳು ಹಿಗ್ಗುತ್ತಿವೆ; ಗೂಡಿನ ನಡುಗಡ್ಡೆಗಳು ಮುಳುಗಲೂಬಹುದು. ಹಿಮಾಲಯ ದಾಟುವುದಂತೂ ಸೋಜಿಗವೇ: ಉಪಗ್ರಹದ ಮೂಲಕ ಜಾಡು ಹಿಡಿದ ಹಕ್ಕಿಯೊಂದು 7,290 ಮೀಟರ್ ಎತ್ತರ ಮುಟ್ಟಿತ್ತು. ಗಾಳಿ ತಣ್ಣಗೆ, ಸಾಂದ್ರವಾಗಿರುವ ರಾತ್ರಿ ಹೊತ್ತನ್ನೇ ಅವು ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಬಿಸಿ ಗಾಳಿಯಲ್ಲಿ ರೆಕ್ಕೆಗೆ ದುಡಿತ ಹೆಚ್ಚು. ಈಚೆಗೆ ಟಿಬೆಟ್ಟಿನ ಕಣಿವೆಗಳಲ್ಲೇ ಚಳಿಗಾಲ ಕಳೆಯುವ ಹೆಬ್ಬಾತುಗಳೂ ಹೆಚ್ಚಿವೆ. ಅಂದರೆ ನಿಮ್ಮೂರಿಗೆ ಬಾರದ ಹಕ್ಕಿ ಸತ್ತೇ ಹೋಯಿತೆಂದು ಕೊರಗಬೇಕಿಲ್ಲ.

ಒಂದು ವರ್ಷದ ಏರುಪೇರಿನಿಂದ ತೀರ್ಪು ಕೊಡಲಾಗದು. ನನಗೆ ಕಿರಿಕಿರಿಯಾಗುವುದು ಬೇರೆಯದಕ್ಕೆ. ಹವಾಮಾನದ ಮೇಲೆ ಭಾರ ಹಾಕಿದರೆ ಊರಲ್ಲಿ ಯಾರೂ ಜವಾಬು ಕೊಡಬೇಕಾಗಿಲ್ಲ! ಹೂಳೆತ್ತುವ ನೆಪದಲ್ಲಿ ಇಳಿಜಾರು ದಂಡೆಯನ್ನು ನೆಟ್ಟಗೆ ಕಡಿದು, ಸುತ್ತ ಕಲ್ಲು ಕಟ್ಟಿದ ಕೆರೆಗಳು ನಾಡಿನಲ್ಲಿ ಬೇಕಾದಷ್ಟಿವೆ. ಅಲ್ಲಿ ಹೆಬ್ಬಾತು ಮೇಯುವುದೆಲ್ಲಿ? ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿತು, ಸಂತೋಷ. ಆದರೆ ಹಕ್ಕಿಯ ಹೊಟ್ಟೆ ತುಂಬಿಸುವ ರೈತರ ಹೊಲಗಳು ಕೆರೆಯ ಆಚೆಗಿವೆ. ಬೆಳೆ ಕಳೆದುಕೊಂಡವರಿಗೆ ಅಲೆದಾಡಿಸದೆ ಪರಿಹಾರ ಕೊಡದಿದ್ದರೆ ಅವರ ತಾಳ್ಮೆ ಎಷ್ಟು ದಿನ?

ನಿಮ್ಮಲ್ಲಿ ಒಂದು ಕೋರಿಕೆ. ಪ್ರತಿ ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ. ಅದರಲ್ಲಿ ಸೇರಿಕೊಳ್ಳಿ. ಹಕ್ಕಿ ಎಷ್ಟು ಎನ್ನುವುದರ ಜೊತೆಗೆ ನೀರು ಎಲ್ಲಿಯವರೆಗೆ ನಿಂತಿದೆ, ಸುತ್ತ ಯಾವ ಬೆಳೆ ಇದೆ ಎಂಬುದನ್ನೂ ಬರೆದಿಡಿ. ನಮಗೂ ಒಂದು ಪ್ರತಿ ಕಳಿಸಿ.