ಎಲ್ಲರ ಶುಗರ್ ಲೆಕ್ಕ ಒಟ್ಟುಗೂಡಿಸಿದರೆ ನನಗೆ ತಕ್ಕ ಊಟ ಯಾವುದೆಂದು ತಿಳಿಯುತ್ತದೆಯೇ?

ತಿಳಿಯುತ್ತದೆ, ಆದರೆ ಆ ಲೆಕ್ಕದಲ್ಲಿ ನಿಮ್ಮಂಥವರೂ ಇರಬೇಕು. 2015ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 800 ಜನರ ಶುಗರನ್ನು ಒಂದು ವಾರ ಬಿಡದೆ ಅಳೆದರು. ಊಟ ಒಂದೇ ಆದರೂ ಕೆಲವರಿಗೆ ಜಾಸ್ತಿ ಏರಿತು, ಕೆಲವರಿಗೆ ಅಷ್ಟು ಏರಲಿಲ್ಲ. ಆ ರಾಶಿ ಲೆಕ್ಕದಿಂದ ಕಲಿತ ಕಂಪ್ಯೂಟರ್, ಹೊಸಬರ ಶುಗರ್ ಎಷ್ಟು ಏರಬಹುದೆಂದು ಮೊದಲೇ ಅಂದಾಜು ಮಾಡಿತು.

ಗಂಗಾವತಿಯ ನಮ್ಮ ಮನೆಯಲ್ಲೂ ಇದನ್ನು ಕಂಡಿದ್ದೇನೆ. ಅವ್ವ, ಅಪ್ಪ ಇಬ್ಬರೂ ಒಂದೇ ಅಳತೆಯ ಸೋನಾ ಮಸೂರಿ ಅನ್ನ ಉಂಡರು. ಎರಡು ಗಂಟೆ ಬಿಟ್ಟು ನೋಡಿದರೆ ಅವ್ವನಿಗೆ 210, ಅಪ್ಪನಿಗೆ 150!

ಇಸ್ರೇಲಿನ ಆ ಲೆಕ್ಕಕ್ಕೆ ನಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ ಗೊತ್ತಿಲ್ಲ ಅಲ್ವಾ? ಅದಕ್ಕೇ ನಮ್ಮ ಕಡೆಯವರ ಲೆಕ್ಕ ಸೇರಬೇಕು. ಸುಮ್ನೆ ‘ರೊಟ್ಟಿ ತಿಂದೆ’ ಅಂತಲ್ಲ, ಎಷ್ಟು ರೊಟ್ಟಿ, ಯಾವ ಹೊತ್ತಿಗೆ ಎಂದು ಬರೆದಿಡಿ. ಆ ಲೆಕ್ಕ ಕೊಡುವಾಗ ಹೆಸರು, ಫೋನ್ ನಂಬರ್ ತೆಗೆದುಹಾಕಿಯೇ ಕೊಡಿ. ಮಾತ್ರೆಯನ್ನು ಮಾತ್ರ ಡಾಕ್ಟರನ್ನು ಕೇಳದೆ ಬದಲಿಸಬೇಡಿ.