ಶತ್ರುವಾಗಿದ್ದವನು ಸ್ನೇಹಿತನಾಗೋದು ಹೇಗೆ?

ಪ್ರಶ್ನೆ: ನಾನೊಂದು ಕಥೆ ಬರೆಯುತ್ತಿದ್ದೇನೆ. ಮನುಷ್ಯರಿಗೂ ಬೇರೆ ಗ್ರಹದವರಿಗೂ ಯುದ್ಧ ನಡೆದು ಮುಗಿದಿದೆ. ತಮ್ಮನನ್ನೂ ತನ್ನ ಒಂದು ಕೈಯನ್ನೂ ಕಳೆದುಕೊಂಡ ಸೈನಿಕನೊಬ್ಬ ಆ ಕಡೆಯ ಸೈನಿಕನ ಜೊತೆ ಸ್ನೇಹ ಬೆಳೆಸುತ್ತಾನೆ. ಓದಿದವರೆಲ್ಲ "ನಂಬೋಕೆ ಆಗಲ್ಲ" ಅಂತಾರೆ. ಎಲ್ಲಿ ತಪ್ಪಿದೆ?

ಉತ್ತರ: ನೀವು ಕಳಿಸಿದ ಪುಟಗಳನ್ನು ಎರಡು ಸಲ ಓದಿದೆ. ಮೂರನೇ ಪುಟಕ್ಕೇ ಇಬ್ಬರೂ ಕ್ಷಮೆ ಕೇಳಿ, ಅತ್ತು, ತಬ್ಬಿಕೊಂಡುಬಿಡುತ್ತಾರೆ. ಓದಿದವರಿಗೆ ಸ್ನೇಹದ ಮೇಲೆ ಅನುಮಾನ ಇಲ್ಲ, ಆ ಅವಸರದ ಮೇಲೆ ಇದೆ.

ನಿಜವಾಗಿ ನಡೆದದ್ದು ಒಂದು ಹೇಳುತ್ತೇನೆ. 1943ರ ಡಿಸೆಂಬರ್ 20. ಜರ್ಮನಿಯ ಮೇಲೆ ಬಾಂಬ್ ಹಾಕಲು ಬಂದಿದ್ದ ಅಮೆರಿಕದ ಒಂದು ಬಿ-17 ವಿಮಾನ ಪೆಟ್ಟು ತಿಂದು, ಮೈಯೆಲ್ಲಾ ತೂತಾಗಿ, ಹೇಗೋ ವಾಪಸ್ ಹೋಗುತ್ತಿತ್ತು. ಅದರ ಪೈಲಟ್ ಚಾರ್ಲಿ ಬ್ರೌನ್. ಅದನ್ನು ಹೊಡೆದುರುಳಿಸಲು ಹಿಂದಿನಿಂದ ಬಂದವನು ಜರ್ಮನಿಯ ಫ್ರಾನ್ಜ್ ಸ್ಟಿಗ್ಲರ್. ಹತ್ತಿರ ಬಂದು ನೋಡಿದರೆ ಬಾಲದಲ್ಲಿ ಗನ್ ಹಿಡಿದು ಕೂತವನು ಸತ್ತುಹೋಗಿದ್ದ. ವಿಮಾನಕ್ಕೆ ಬಿದ್ದ ತೂತುಗಳಿಂದ ಒಳಗಿನವರು ಕಾಣಿಸಿದರು, ಗಾಯಗೊಂಡವರ ಆರೈಕೆ ಮಾಡುತ್ತಿದ್ದರು. ಸ್ಟಿಗ್ಲರ್ ಗುಂಡು ಹಾರಿಸಲಿಲ್ಲ. ಪಕ್ಕದಲ್ಲೇ ಹಾರುತ್ತಾ ಸಮುದ್ರದ ತನಕ ಬಂದು, ಸಲ್ಯೂಟ್ ಹೊಡೆದು ಹಿಂತಿರುಗಿದ. ಇಬ್ಬರೂ ಮತ್ತೆ ಮುಖ ನೋಡಿದ್ದು 1990ರಲ್ಲಿ! ಆಮೇಲೆ 2008ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ಇಬ್ಬರೂ ತೀರಿಕೊಳ್ಳುವವರೆಗೂ ಜೀವದ ಗೆಳೆಯರಾಗಿದ್ದರು.

ಅವತ್ತು ಆಕಾಶದಲ್ಲಿ ಒಂದು ಮಾತೂ ಆಗಲಿಲ್ಲ ನೋಡಿ. ಸ್ಟಿಗ್ಲರ್‌ಗೆ ಆ ತೂತಿನೊಳಗಿನ ದೃಶ್ಯವೇ ಸಾಕಾಯಿತು. ನಿಮ್ಮ ಕಥೆಯಲ್ಲೂ ಅಂಥದ್ದೊಂದು ತೂತು ಬೇಕು.

ಆದರೆ ನಿಮ್ಮ ಸೈನಿಕನ ಕಷ್ಟ ಇನ್ನೂ ಜಾಸ್ತಿ. ಎದುರಿಗಿರುವವನಿಗೆ ನೋವಾಗಿದೆ ಅಂತ ಅವನಿಗೆ ಗೊತ್ತಾಗೋದಾದರೂ ಹೇಗೆ? ನೀವು ಆ ಜೀವಿಗೆ ಎರಡು ಕಣ್ಣು ಕೊಟ್ಟು ಕಣ್ಣೀರು ಹಾಕಿಸಿದ್ದೀರಿ. ದಯವಿಟ್ಟು ಅದನ್ನು ತೆಗೆಯಿರಿ. ನಮ್ಮದೇ ಭೂಮಿಯ ಆಕ್ಟೋಪಸ್ ನೋಡಿ: ಮೂರು ಹೃದಯ, ತಾಮ್ರದ ಅಂಶವಿರುವ ನೀಲಿ ರಕ್ತ, ಸುಮಾರು 50 ಕೋಟಿ ನರಕೋಶ, ಅದರಲ್ಲಿ ಹೆಚ್ಚಿನವು ಇರೋದು ತೋಳುಗಳಲ್ಲಿ. ಅದರ ಮುಖ ನೋಡಿ ನಮಗೇನೂ ತಿಳಿಯುವುದಿಲ್ಲ. ಹಾಗಿರುವಾಗ ಬೇರೆ ಗ್ರಹದವನ ದುಃಖ ಒಂದೇ ನೋಟಕ್ಕೆ ಅರ್ಥವಾಗುತ್ತಾ? ಮೊದಲ ಎರಡು ಸಲ ತಪ್ಪಾಗಿ ತಿಳಿದುಕೊಳ್ಳಲಿ, ಸಿಟ್ಟಾಗಲಿ, ಎದ್ದು ಹೋಗಲಿ.

ಇನ್ನು ಆ ತಬ್ಬಿಕೊಳ್ಳುವುದು. ಆಮ್ಲಜನಕ ನಮಗೆ ಉಸಿರು, ಆದರೆ ಈ ಭೂಮಿಯ ಮೇಲೇ ಅದು ಸೋಕಿದರೆ ಸಾಯುವ ಬ್ಯಾಕ್ಟೀರಿಯಾ ಎಷ್ಟೋ ಇವೆ. ನಿಮ್ಮ ಜೀವಿಗೂ ನಮ್ಮ ಗಾಳಿ ವಿಷವೇ ಆಗಿರಲಿ. ಮಧ್ಯೆ ಒಂದು ಗಾಜು ಇಡಿ. ಮುಟ್ಟಲಾಗದ ಇಬ್ಬರು ದಿನಾ ಬಂದು ಅದರ ಎರಡು ಕಡೆ ಕೂರುತ್ತಾರೆ ಅಂದರೆ ಓದುವವರು ತಾವಾಗಿಯೇ ನಂಬುತ್ತಾರೆ.

ತಮ್ಮನನ್ನು ಮಾತ್ರ ಮರೆಯಬೇಡಿ. "ಕ್ಷಮಿಸಿದ್ದೇನೆ" ಅಂತ ಸೈನಿಕ ಯಾವತ್ತೂ ಹೇಳದಿದ್ದರೂ ನಡೆಯುತ್ತದೆ, ಹೇಳದಿದ್ದರೇ ಒಳ್ಳೆಯದು ಅಂತ ನನಗನಿಸುತ್ತದೆ.

ಪ್ರಶ್ನೆ: ಹಾಗಾದರೆ ಮಾತಾಡೋದು ಹೇಗೆ? ಭಾಷಾಂತರ ಮಾಡುವ ಯಂತ್ರ ಇಟ್ಟಿದ್ದೇನೆ, ಬೇಡವಾ?

ಉತ್ತರ: ಬೇಡ. ಬೇರೆ ಲೋಕದವರಿಗೆ ಸಿಕ್ಕರೆ ಕೇಳಲಿ ಅಂತ 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಕಳಿಸಿದ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯ ಇದೆ, ಕನ್ನಡವೂ ಇದೆ. ಆದರೂ ಅದನ್ನು ನುಡಿಸುವುದು ಹೇಗೆ ಅನ್ನೋದನ್ನು ಮೇಲಿನ ಮುಚ್ಚಳದಲ್ಲಿ ಚಿತ್ರ ಬರೆದೇ ತೋರಿಸಬೇಕಾಯಿತು. ನಿಮ್ಮವರೂ ಕಣ್ಣೆದುರು ಇರುವುದರಿಂದಲೇ ಶುರುಮಾಡಲಿ.

ಕಣ್ಣೆದುರು ಇರೋದು ಆ ಇಲ್ಲದ ಕೈ ತಾನೇ? ಆಕ್ಟೋಪಸ್‌ಗೆ ತೋಳು ತುಂಡಾದರೆ ಮತ್ತೆ ಬೆಳೆಯುತ್ತದೆ. ನಿಮ್ಮ ಜೀವಿಯ ಮೈಯೂ ಹಾಗೇ ಅಂದುಕೊಳ್ಳಿ. ಯುದ್ಧದಲ್ಲಿ ಅದು ಎಷ್ಟೋ ಕೈ ಕತ್ತರಿಸಿದೆ, ಹೇಗೂ ಬೆಳೆಯುತ್ತಲ್ಲ ಅಂತ. ತಿಂಗಳುಗಟ್ಟಲೆ ಗಾಜಿನ ಆ ಕಡೆ ಕೂತು ಸೈನಿಕನ ಖಾಲಿ ತೋಳನ್ನೇ ನೋಡುತ್ತದೆ. ಕೊನೆಗೊಂದು ದಿನ ಅತ್ತ ತೋರಿಸಿ, ಕಲಿತ ನಾಲ್ಕು ಸನ್ನೆಯಲ್ಲಿ ಕೇಳುತ್ತದೆ: ಯಾವಾಗ ಬರುತ್ತೆ?

ಸೈನಿಕ ತಲೆ ಅಲ್ಲಾಡಿಸುತ್ತಾನೆ. ಅದಕ್ಕೆ ಅರ್ಥವಾಗುವುದಿಲ್ಲ. ಮತ್ತೆ ಕೇಳುತ್ತದೆ.