ಚಳಿಗಾಲದಲ್ಲಿ ತರಕಾರಿ ತೋಟಕ್ಕೆ ಯಾವ ಸಿದ್ಧತೆ ಮಾಡಿಕೊಳ್ಳಬೇಕು?

ಚಳಿ ಹೆಚ್ಚಿರುವ ಕಡೆಗಳಲ್ಲಿ ಈ ತಿಂಗಳುಗಳಲ್ಲಿ ಬಿತ್ತನೆ ಸಾಧ್ಯವಾಗದಿದ್ದರೂ, ಮುಂದಿನ ಬೆಳೆಗೆ ಅಡಿಪಾಯ ಬೀಳುವುದು ಈಗಲೇ. ಮೊದಲು, ಕಳೆದ ವರ್ಷ ಯಾವ ಪಾತಿಯಲ್ಲಿ ಏನು ಬೆಳೆದಿತ್ತೆಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಟೊಮೆಟೊ, ಬದನೆ, ಮೆಣಸಿನಕಾಯಿ ಮತ್ತು ಆಲೂಗಡ್ಡೆ ಒಂದೇ ಕುಟುಂಬಕ್ಕೆ ಸೇರಿದವಾದ್ದರಿಂದ, ಒಂದರ ಜಾಗದಲ್ಲಿ ಇನ್ನೊಂದನ್ನು ನೆಟ್ಟರೆ ಮಣ್ಣಿನಲ್ಲಿ ಉಳಿದ ರೋಗಾಣುಗಳು ಹೊಸ ಗಿಡಕ್ಕೂ ತಗಲುವ ಸಂಭವವಿರುತ್ತದೆ. ಸಾಧ್ಯವಾದರೆ 3 ವರ್ಷಗಳ ಅಂತರ ಇಡಿ.

ನನ್ನ ಅಭಿಪ್ರಾಯದಲ್ಲಿ ಹೆಚ್ಚು ಗಮನ ಬೇಡುವುದು ಮಣ್ಣು. ಬಹುತೇಕ ತರಕಾರಿಗಳಿಗೆ ರಸಸಾರ (pH, ಮಣ್ಣಿನ ಹುಳಿತನದ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು) 6ರಿಂದ 7ರೊಳಗಿದ್ದರೆ ಒಳ್ಳೆಯದು. ಮಣ್ಣು ಹುಳಿಯಾಗಿದೆಯೆಂದು ಪರೀಕ್ಷೆಯಿಂದ ತಿಳಿದರೆ, ಸುಣ್ಣ ಕರಗಿ ಕೆಲಸ ಮಾಡಲು ತಿಂಗಳುಗಳೇ ಹಿಡಿಯುವುದರಿಂದ ಅದನ್ನು ಈಗಲೇ ಹಾಕಬೇಕು. ಒಂದು ಹಿಡಿ ಮಣ್ಣನ್ನು ಅದುಮಿ ನೋಡಿ: ಉಂಡೆ ಬೆರಳು ತಾಗಿಸಿದೊಡನೆ ಪುಡಿಯಾಗದೆ ಅಂಟಿಕೊಂಡೇ ಇದ್ದರೆ ಅಗೆಯಬೇಡಿ, ಹಸಿ ಮಣ್ಣನ್ನು ಅಗೆದರೆ ಅದು ಒಣಗಿ ಹೆಂಟೆಗಟ್ಟುತ್ತದೆ. ಖಾಲಿ ಪಾತಿಗಳ ಮೇಲೆ ಸುಮಾರು 5 ಸೆಂಟಿಮೀಟರ್ ಕಾಂಪೋಸ್ಟ್ ಹರಡಿದರೆ ಸಾಕು.

ಉಳಿದ ಬೀಜಗಳಲ್ಲಿ 10 ಬೀಜ ಆಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ. ಹತ್ತು ದಿನಗಳಲ್ಲಿ ಐದಕ್ಕಿಂತ ಕಡಿಮೆ ಮೊಳೆತರೆ ಹೊಸ ಬೀಜ ಕೊಳ್ಳುವುದು ಲೇಸು. ಈರುಳ್ಳಿ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ಟೊಮೆಟೊ ಬೀಜ ನಾಲ್ಕು ವರ್ಷವಾದರೂ ಮೊಳೆಯಬಲ್ಲದು.